ಹಾಜಿಮಲಂಗನ ಪರಸಿ

ಮುಂಬೈ
4 ಆಗಸ್ಟ್ 2025

ಶ್ರೀ ವಿಠೋಬಾ ಅವರಿಗೆ,
ನಮಸ್ಕಾರಗಳು.

ನನ್ನ ಹೆಸರು ಧನಶ್ರೀ. ಊರು ಸೇಡಂ. ಹನ್ನೆರಡು ವರ್ಷದಿಂದ ಮುಂಬೈಯಲ್ಲಿ ಹಳೆಯ ಕಟ್ಟಡ, ಹಳೆಯ ಯಂತ್ರಗಳನ್ನು ಉಳಿಸುವ ಕೆಲಸ ಮಾಡುತ್ತಿದ್ದೇನೆ. ಮೊನ್ನೆ ನಿಮಗೆ ಫೋನ್ ಮಾಡಿದ್ದೆ. ನಿಮ್ಮ ಮಗಳು ಭಾಗ್ಯ ಎತ್ತಿಕೊಂಡು, "ಅಪ್ಪಗ ಕಿವಿ ಕೇಳಂಗಿಲ್ರಿ, ಬಾಯ್ಲರ್ ಸಪ್ಪಳಕ್ಕ ಹೋಗ್ಯಾವ. ಚಿಟ್ಟಿ ಬರೀರಿ, ಓದ್ತಾರ" ಎಂದರು. ಅದಕ್ಕೇ ಈ ಪತ್ರ.

"ಭಾಗೀರಥಿ" ಸ್ಟೀಮರ್ ನಿಮಗೆ ನೆನಪಿರಬೇಕು. 1931ರಿಂದ ಐವತ್ತಾರು ವರ್ಷ ಮುಂಬೈ ಬಂದರಿನಿಂದ ರೇವಸ್‌ಗೆ ಜನರನ್ನು ದಾಟಿಸಿ, 1987ರಲ್ಲಿ ನಿಂತಿತು. ಆಮೇಲೆ ಕೆಸರಿನಲ್ಲಿ ವಾಲಿಕೊಂಡು ಬಿದ್ದಿತ್ತು. ಮೂರು ವರ್ಷದಿಂದ ನಮ್ಮ ಸಂಸ್ಥೆ ಅದನ್ನು ಮೊದಲಿನ ರೂಪಕ್ಕೆ ತರುತ್ತಿದೆ. ಬಾಯ್ಲರಿನ ಪರೀಕ್ಷೆ ಮುಗಿದಿದೆ. ಡಿಸೆಂಬರ್ 14ರ ಸಮಾರಂಭಕ್ಕೆ, ಮೂವತ್ತೆಂಟು ವರ್ಷಗಳ ನಂತರ, ಅದರೊಳಗೆ ಮತ್ತೆ ಬೆಂಕಿ ಉರಿಯಲಿದೆ. ಆ ಒಲೆಗೆ ಕಲ್ಲಿದ್ದಲು ಹಾಕಿದ ಫೈರ್‌ಮನ್‌ಗಳಲ್ಲಿ ಈಗ ಉಳಿದಿರುವವರು ನೀವೊಬ್ಬರೇ ಎಂದು ತಿಳಿಯಿತು. ನೀವು ಬಂದರೆ ನಮಗೆಲ್ಲ ಸಂತೋಷ.

ಬಾಯ್ಲರ್ ಕೋಣೆಯಲ್ಲಿ ತೂಗುಹಾಕುವ ಹಲಗೆಯ ಬರಹವನ್ನು ಕನ್ನಡಕ್ಕೆ ಮಾಡಿ ಜೊತೆಗಿಟ್ಟಿದ್ದೇನೆ. ತಪ್ಪಿದ್ದರೆ ತಿದ್ದಿ.

ಇತಿ,
ಧನಶ್ರೀ


ದಂಡೋತಿ
13 ಆಗಸ್ಟ್ 2025

ಧನಶ್ರೀಬಾಯಿಯವರಿಗೆ,
ವಿಠೋಬಾ ಬರೆಯುವುದು. ಜೈ ಭೀಮ.

ತಪ್ಪಿದ್ದರೆ ತಿದ್ದಿ ಎಂದಿದ್ದೀರಿ, ತಿದ್ದುತ್ತೇನೆ. ನಿಮ್ಮ ಹಲಗೆಯಲ್ಲಿ ಬೋಟು ಕಟ್ಟಿದ ಸ್ಕಾಟ್ಲೆಂಡಿನ ಬಿಳಿ ದೊರೆಯ ಹೆಸರಿದೆ. ಏಳು ಮಂದಿ ಕ್ಯಾಪ್ಟನ್ನರ ಹೆಸರಿದೆ. ಹಿತ್ತಾಳೆ ಗಂಟೆ ಎಷ್ಟು ತೂಕ ಅನ್ನುವುದೂ ಇದೆ. ಬೆಂಕಿಯ ಮುಂದೆ ಬೆಂದವರ ಪೈಕಿ ಒಬ್ಬನೇ ಒಬ್ಬನ ಹೆಸರಿದೆ, ಅದೂ ಹೀಗೆ: "ಮಾರ್ಚ್ 1983ರಲ್ಲಿ ಫೈರ್‌ಮನ್ ಹಾಜಿಮಲಂಗ್ ಕುಡಿದ ಅಮಲಿನಲ್ಲಿ ಬಾಯ್ಲರಿನ ನೀರು ಗಮನಿಸದೆ ಅಪಘಾತಕ್ಕೆ ಕಾರಣನಾಗಿ ಮೃತಪಟ್ಟನು."

ಈ ಸಾಲು ಮೊದಲು ಬರೆದವರ ಕೈ ಸೇದಿಹೋಗಲಿ.

ಹಾಜಿಮಲಂಗ್ ಶಹಾಬಾದದವನು, ಕಲ್ಲಿನ ಖಣಿಯಲ್ಲಿ ದುಡಿಯುವವನ ಮಗ. ಮೂರು ವರ್ಷ ನನ್ನ ಜೋಡಿ. ಒಂದೇ ತಾಟಿನಲ್ಲಿ ಉಂಡಿದ್ದೇವೆ. ಕಲ್ಲಿದ್ದಲ ಗೂಡಿನಲ್ಲಿ ಒಗೆದ ಬಟ್ಟೆ ಹಾಸಿ ನಮಾಜು ಮಾಡುತ್ತಿದ್ದ. ಹೆಂಡದ ವಾಸನೆ ಬಂದರೆ ಊಟ ಬಿಟ್ಟು ಏಳುತ್ತಿದ್ದ. ಅವನು ಕುಡಿದಿದ್ದನಂತೆ. ಸತ್ತವನ ಮೇಲೆ ಗೂಬೆ ಕೂರಿಸುವುದು ಸುಲಭ, ಎದ್ದು ಬಂದು ಕೇಳುವುದಿಲ್ಲವಲ್ಲ.

ಒಲೆಯ ಮುಂದಿನ ಹಾಸು ಕಬ್ಬಿಣದ್ದು. ಅದು ಎಷ್ಟು ಕಾಯುತ್ತದೆ ಅಂದರೆ ಚಪ್ಪಲಿಯ ರಬ್ಬರು ಅಂಟುತ್ತದೆ. ಹಾಜಿಮಲಂಗ್ ಊರಿಗೆ ಹೋದವನು ನೆಲಕ್ಕೆ ಹಾಸುವ ಒಂದು ಶಹಾಬಾದ ಕಲ್ಲು, ನಮ್ಮ ಪರಸಿ, ಹೊತ್ತುಕೊಂಡು ರೈಲು ಹತ್ತಿ ಬಂದ. ಅದನ್ನು ಹಾಸಿನ ಮೇಲೆ ಇಟ್ಟು, ನಾವು ಅದರ ಮೇಲೆ ನಿಂತು ಸಲಿಕೆ ಹೊಡೆಯುತ್ತಿದ್ದೆವು. ಅದೇ ನಮ್ಮ ಪುಸ್ತಕವೂ ಆಗಿತ್ತು. ಇಂಜಿನಿಯರನ ಪುಸ್ತಕ ಮುಟ್ಟುವ ಹಕ್ಕು ನಮಗಿರಲಿಲ್ಲ. ತಾಸಿಗೊಮ್ಮೆ ಗಾಜಿನ ನಳಿಗೆಯಲ್ಲಿ ಬಾಯ್ಲರಿನ ನೀರು ನೋಡಿ ಕಲ್ಲಿನ ಮೇಲೆ ಮೊಳೆಯಿಂದ ಗೆರೆ ಹೊಡೆಯುತ್ತಿದ್ದೆವು. ನೀರು ಇಳಿದಿದ್ದು ಕಂಡು ಇಂಜಿನಿಯರನಿಗೆ ಹೇಳಿದರೆ, ಗೆರೆಯ ಮೇಲೆ ಅಡ್ಡ ಗೆರೆ. ಮರುದಿನ ಬೆಳಿಗ್ಗೆ ಇಟ್ಟಂಗಿ ಚೂರು ಹಾಕಿ ತಿಕ್ಕಿ ಅಳಿಸುತ್ತಿದ್ದೆವು.

ಆ ದಿನ ನೀರಿನ ಪಂಪು ಕೆಟ್ಟಿತ್ತು. ಹಾಜಿಮಲಂಗ್ ನಾಲ್ಕು ಸಲ ಮೇಲೆ ಹೋಗಿ ಹೇಳಿದ. "ಇನ್ನೊಂದು ಟ್ರಿಪ್ಪು ಆಗಲಿ" ಅಂದರು. ನಡುನೀರಿನಲ್ಲಿ ಕೊಳವೆ ಒಡೆದು ಉಗಿ ನುಗ್ಗಿತು. ಅವನು ಓಡಿಹೋಗಬಹುದಿತ್ತು. ಓಡಲಿಲ್ಲ. ಒಲೆಯೊಳಗಿನ ಬೆಂಕಿಯನ್ನೆಲ್ಲ ಹೊರಗೆ ಎಳೆದು ಹಾಕಿ ಬಿದ್ದ. ಎಳೆಯದಿದ್ದರೆ ಬಾಯ್ಲರ್ ಸಿಡಿದು ಮುನ್ನೂರು ಮಂದಿ ಸಮುದ್ರದ ಪಾಲಾಗುತ್ತಿದ್ದರು. ಮೂರನೇ ದಿನ ಆಸ್ಪತ್ರೆಯಲ್ಲಿ ಸತ್ತ.

ಆ ನಾಲ್ಕು ಅಡ್ಡ ಗೆರೆ ಯಾರೂ ತಿಕ್ಕಿ ಅಳಿಸಬಾರದೆಂದು ನಾನೇ ಪರಸಿಯನ್ನು ಬೋರಲು ಹಾಕಿದೆ. ಎತ್ತಿ ನೋಡಿರಿ. ನೋಡಿ, ಆ ಸಾಲು ಅಳಿಸಿರಿ. ಅಳಿಸದಿದ್ದರೆ ನಿಮ್ಮ ಸಮಾರಂಭಕ್ಕೆ ನಾನು ಬರುವುದು ದೂರ ಉಳಿಯಿತು, ನಿಮ್ಮ ಬೋಟು ಮತ್ತೆ ಕೆಸರಿಗೆ ಬೀಳಲಿ.

ವಿಠೋಬಾ


ಮುಂಬೈ
25 ಆಗಸ್ಟ್ 2025

ವಿಠೋಬಾ ಅವರಿಗೆ,

ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಆ ಸಾಲು ನಾವು ಹುಟ್ಟಿಸಿದ್ದಲ್ಲ. ಆಗಿನ ಕಂಪನಿಯ ವಿಚಾರಣಾ ವರದಿಯಿಂದ ತೆಗೆದದ್ದು. ನಮ್ಮ ಸಮಿತಿಯವರು ಅದನ್ನು ಬದಲಿಸಲು ಆಧಾರ ಕೇಳುತ್ತಾರೆ. ಮೂಲ ಕಡತ ತರಿಸಲು ಪತ್ರ ಬರೆದಿದ್ದೇನೆ.

ಸದ್ಯ ಒಲೆಯ ಮುಂದೆ ಕಬ್ಬಿಣದ ಹಾಸು ಮಾತ್ರ ಇದೆ, 1931ರ ನಕ್ಷೆಯಲ್ಲಿದ್ದ ಹಾಗೆ. ಕಲ್ಲಿನ ಬಗ್ಗೆ ವಿಚಾರಿಸುತ್ತೇನೆ. ಅದರ ಅಳತೆ, ಬಣ್ಣ ತಿಳಿಸಿದರೆ ಅನುಕೂಲ.

ಧನಶ್ರೀ


ದಂಡೋತಿ
5 ಸೆಪ್ಟೆಂಬರ್ 2025

ಧನಶ್ರೀಬಾಯಿಯವರಿಗೆ,

ಅಳತೆ ಎರಡು ಮೊಳ ಉದ್ದ, ಒಂದೂವರೆ ಮೊಳ ಅಗಲ. ಒಂದು ಮೂಲೆ ಮುರಿದಿದೆ. ಬಣ್ಣವನ್ನೂ ಕೇಳಿದ್ದೀರಿ. ಸೇಡಂದಲ್ಲಿ ಹುಟ್ಟಿ ಪರಸಿಯ ಬಣ್ಣ ಕೇಳುತ್ತೀರಾ? ನಿಮ್ಮ ಮನೆಯ ಪಡಸಾಲೆಯಲ್ಲಿ ನೀವು ಅಂಬೆಗಾಲಿಟ್ಟದ್ದು ಏನು ಗಾಜಿನ ಮೇಲೆಯಾ? ಮೂರು ವರ್ಷದಿಂದ ಆ ಕೋಣೆಯಲ್ಲಿ ಓಡಾಡುತ್ತಿರುವವರು ನೀವು. ಕಲ್ಲು ಇತ್ತೋ ಇಲ್ಲವೋ ಅಂತ ಯಾರನ್ನು ವಿಚಾರಿಸಬೇಕು?

ಮೊನ್ನೆ ಶಹಾಬಾದಕ್ಕೆ ಹೋಗಿದ್ದೆ. ಹಾಜಿಮಲಂಗನ ಹೆಂಡತಿ ಹಸೀನಾಬೇಗಂ ಅಲ್ಲೇ ಇದ್ದಾಳೆ. ಇಪ್ಪತ್ತನಾಲ್ಕಕ್ಕೆ ಗಂಡ ಸತ್ತ. ಕುಡಿದು ಸತ್ತವನು ಅಂತ ಮಯ್ಯತ್ತಿಗೆ ಹೆಗಲು ಕೊಡಲು ನಾಲ್ಕು ಮಂದಿಯನ್ನು ಕರೆದು ತರಬೇಕಾಯಿತು. ಅವಳ ಸ್ವಂತ ಅಣ್ಣಂದಿರೇ ಬರಲಿಲ್ಲ. ಹೊಲಿಗೆ ಮಿಷನ್ ತುಳಿದು ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿದಳು. ಮದುವೆಯ ಮಾತು ಬಂದಾಗೆಲ್ಲ "ಅಪ್ಪ ಕುಡುಕನಂತಲ್ಲ" ಅನ್ನುವುದನ್ನು ಕೇಳಿಸಿಕೊಂಡಳು. ವರ್ಷಕ್ಕೆ ಎರಡು ಸಲ ನಾನು ಹೋಗುತ್ತೇನೆ, ಹೊರಗೆ ಕಟ್ಟೆಯ ಮೇಲೆ ಕೂತು ಚಹಾ ಕುಡಿದು ಬರುತ್ತೇನೆ.

ಭಾಗ್ಯ ಫೋನಿನಲ್ಲಿ ಅವಳಿಗೆ ಬೋಟಿನ ಸುದ್ದಿ ಹೇಳಿಬಿಟ್ಟಿದ್ದಳು. ನಾನು ಕೂರುವ ಮೊದಲೇ ಎಡಗಿವಿಯ ಹತ್ತಿರ ಬಂದು ಕೂಗಿದಳು: "ನಮ್ಮವರ ಹೆಸರು ಬರದಾರಂತ ಹೌದೇನು ಭಾಯಿ? ಏನಂತ ಬರದಾರ?"

"ಛಲೋನೇ ಬರದಾರ ಭಾಬಿ" ಅಂದೆ. ಬೇರೆ ಏನು ಹೇಳಲಿ? ಅವಳು ಓಣಿಗೆಲ್ಲ ಸಕ್ಕರೆ ಹಂಚಿದಳು. ಡಿಸೆಂಬರ್ 14ಕ್ಕೆ ತಾನೂ ಬರುತ್ತಾಳಂತೆ. ಈಗ ಹೇಳಿರಿ ಬಾಯಿಯವರೇ, ಆ ಹಲಗೆಯ ಮುಂದೆ ಅವಳನ್ನು ನಿಲ್ಲಿಸಿ ನೀವು ಓದಿ ಹೇಳುತ್ತೀರೋ, ನಾನು ಓದಲೋ?

ವಿಠೋಬಾ


ಮುಂಬೈ
22 ಸೆಪ್ಟೆಂಬರ್ 2025

ವಿಠೋಬಾ ಕಾಕಾ ಅವರಿಗೆ,

ಕಳೆದ ಪತ್ರದಲ್ಲಿ ಒಂದು ವಿಷಯ ಮುಚ್ಚಿಟ್ಟೆ. ಕಲ್ಲು ಅಲ್ಲಿತ್ತು. ತೆಗೆಸಿದವಳು ನಾನೇ. ಮೊದಲಿನ ವರ್ಷ ಬೇಡದ ವಸ್ತುಗಳ ಪಟ್ಟಿ ಮಾಡಿದೆವು. "ಶಹಾಬಾದ್ ಕಲ್ಲು, ಒಂದು. ಮೂಲದ್ದಲ್ಲ. ತೆಗೆಯಬಹುದು" ಎಂದು ಬರೆದು ಸಹಿ ಹಾಕಿದ್ದೇನೆ. ನಕ್ಷೆಯಲ್ಲಿ ಇಲ್ಲದ್ದೆಲ್ಲ ಕಸ ಎಂದು ನಮಗೆ ಕಲಿಸಿದ್ದಾರೆ. ತಿರುಗಿಸಿಯೂ ನೋಡಲಿಲ್ಲ. ನಿಮ್ಮ ಮೊದಲ ಪತ್ರ ಓದಿದ ದಿನವೇ ಇದು ಹೊಳೆಯಿತು, ಹೇಳಲು ನಾಚಿಕೆಯಾಯಿತು.

ಎರಡು ವಾರ ಹುಡುಕಿದೆ. ಕಲ್ಲುಮಣ್ಣು ಸುರಿದ ಜಾಗದಲ್ಲಿ ಏನೂ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಬೋಟು ನಿಲ್ಲಿಸಿರುವ ಧಕ್ಕೆಯ ಗೇಟಿನ ಪಕ್ಕ, ಕೂಲಿ ಮಾಡುವ ಮರೆಮ್ಮನ ಗುಡಿಸಲಿನ ಮುಂದೆ. ಅದರ ಮೇಲೆ ಬಟ್ಟೆ ಒಗೆಯುತ್ತಿದ್ದಳು. ಮೂಲೆ ಮುರಿದ ಕಲ್ಲು. ಎಲ್ಲಿಂದ ತಂದೆ ಎಂದರೆ ಅಂಜಿಕೊಂಡಳು. ಆಮೇಲೆ ನನ್ನ ಮಾತು ಕೇಳಿ ಧೈರ್ಯ ಬಂತು. "ನಾ ಚಿಂಚೋಳಿ ಕಡೇಕಿ ರೀ. ಲಾರಿದಾಗ ಹಾಕಾಕತ್ತಿದ್ರು. ನಮ್ಮ ಕಡೀ ಕಲ್ಲು ಸಮುದ್ರದ ದಂಡ್ಯಾಗ ಬಿದ್ದದ್ದು ನೋಡಿ ಬಿಡಾಕ ಮನಸ್ಸು ಬರಲಿಲ್ಲ. ತಲೀಮ್ಯಾಲ ಹೊತ್ಕೊಂಡು ಬಂದೆ" ಎಂದಳು. ಓದಿದ ನನಗೆ ಕಾಣದ್ದು ಅವಳಿಗೆ ಕಂಡಿತ್ತು.

ಇಬ್ಬರೂ ಸೇರಿ ತಿರುಗಿಸಿದೆವು. ಏಳು ಗೆರೆ. ಕೊನೆಯ ನಾಲ್ಕಕ್ಕೆ ಅಡ್ಡ ಗೆರೆ. ಕಲ್ಲು ಈಗ ನಮ್ಮ ಕಚೇರಿಯಲ್ಲಿದೆ. ಮರೆಮ್ಮನಿಗೆ ಒಗೆಯಲು ಬೇರೆ ಕಲ್ಲು ಹಾಕಿಸಿದ್ದೇನೆ.

ಮೂಲ ಕಡತವೂ ಬಂದಿದೆ. ಕಾಕಾ, ಅದನ್ನು ಪೂರ್ತಿ ಓದಿದ್ದೇನೆ. ವಿಚಾರಣೆಯ ಬಗ್ಗೆ ನೀವಾಗಿಯೇ ನನಗೆ ಹೇಳುವುದು ಏನಾದರೂ ಇದೆಯೇ?

ಧನಶ್ರೀ


ದಂಡೋತಿ
1 ಅಕ್ಟೋಬರ್ 2025

ಧನಶ್ರೀಬಾಯಿಯವರಿಗೆ,

ಮೂಲದ್ದಲ್ಲ! ನೆಲದ ಕಬ್ಬಿಣ ಸ್ಕಾಟ್ಲೆಂಡಿನದಾದರೆ ಮೂಲದ್ದು, ಅದರ ಮೇಲೆ ನಿಂತು ದುಡಿದವರ ಕಲ್ಲು ಕಸ. ನಿಮ್ಮ ಬಾಯ್ಲರ್ ಕೋಣೆ ನಿಮ್ಮಜ್ಜಿಯ ಅಡುಗೆಮನೆಗಿಂತ ಮಡಿಯಾಯಿತು ನೋಡಿರಿ. ನಮ್ಮನ್ನು ಹೊರಗೆ ಹಾಕಿ ಬಣ್ಣ ಹಚ್ಚಿ, ಮೊದಲಿನ ರೂಪ ಬಂತು ಅನ್ನುತ್ತೀರಿ. ಮೊದಲಿನ ರೂಪದಲ್ಲಿ ನಾವಿದ್ದೆವು. ಮೈಯೆಲ್ಲ ಮಸಿ, ಕಣ್ಣು ಕೆಂಪು, ಕಾಲಲ್ಲಿ ಬೊಬ್ಬೆ. ಅದನ್ನು ಉಳಿಸುವ ಸಂಸ್ಥೆ ಯಾವುದು?

ಒಪ್ಪಿಕೊಂಡಿದ್ದೀರಿ, ಅದಕ್ಕೆ ಹೆಚ್ಚು ಬೈಯುವುದಿಲ್ಲ. ಮರೆಮ್ಮನಿಗೆ ನನ್ನ ಜೈ ಭೀಮ ಹೇಳಿರಿ.

ಕಲ್ಲು ಸಿಕ್ಕಿತಲ್ಲ. ಇನ್ನೇನು ಆಧಾರ ಬೇಕು ನಿಮ್ಮ ಸಮಿತಿಗೆ? ಕಡತ, ವಿಚಾರಣೆ ಅಂತ ನನ್ನನ್ನು ಏನು ಕೆದಕುತ್ತೀರಿ? ಕಂಪನಿಯ ಕಾಗದ ಕಂಪನಿ ಹೇಳಿದ ಹಾಗೆ ಮಾತಾಡುತ್ತದೆ. ಅದರಲ್ಲಿ ಏನಿದೆಯೋ ಬರೆಯಿರಿ. ನನಗೇನೂ ಅಂಜಿಕೆ ಇಲ್ಲ.

ವಿಠೋಬಾ


ಮುಂಬೈ
10 ಅಕ್ಟೋಬರ್ 2025

ವಿಠೋಬಾ ಅವರಿಗೆ,

ಕಡತದ ಹನ್ನೊಂದನೆಯ ಹಾಳೆಯ ಪ್ರತಿ ಜೊತೆಗಿದೆ. "ಹಾಜಿಮಲಂಗ್ ಆ ದಿನ ಕೆಲಸಕ್ಕೆ ಬರುವಾಗಲೇ ಕುಡಿದಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ." ಕೆಳಗೆ ಕನ್ನಡದಲ್ಲಿ ಸಹಿ. ನಿಮ್ಮ ಎರಡು ತಿಂಗಳ ಪತ್ರಗಳಲ್ಲಿ ಅದೇ ಸಹಿಯನ್ನು ನೋಡಿದ್ದೇನೆ, "ಠೋ" ಬರೆಯುವಾಗ ಮೇಲಕ್ಕೆ ಹೋಗುವ ಅದೇ ಕೊಂಬು.

ಕಲ್ಲಿನ ಮೇಲಿನ ಗೆರೆಗಳ ಅರ್ಥ ಹೇಳಬಲ್ಲವರು ನೀವೊಬ್ಬರೇ. ಅವನು ಕುಡಿದಿದ್ದ ಎಂದು ಹೇಳಿದ ಸಾಕ್ಷಿಯೂ ನೀವೊಬ್ಬರೇ. ಸಮಿತಿಯವರು ನಗುತ್ತಾ ಕೇಳಿದರು, ಯಾವ ವಿಠೋಬಾನನ್ನು ನಂಬೋಣ ಎಂದು.

ನಾನು ಕಲ್ಲನ್ನು ಎಸೆದೆ, ಗೊತ್ತಿಲ್ಲದೆ. ನೀವು ಮನುಷ್ಯನನ್ನು ಎಸೆದಿರಿ, ಗೊತ್ತಿದ್ದು. ಆಮೇಲೆ ನನಗೆ ಮಡಿಯ ಪಾಠ ಹೇಳಿದಿರಿ. ಹಲಗೆ ನವೆಂಬರ್ ಕೊನೆಗೆ ಬರೆಯಲು ಹೋಗುತ್ತದೆ. ಅಲ್ಲಿಯವರೆಗೆ ನಿಮ್ಮಿಂದ ಏನೂ ಬರದಿದ್ದರೆ ಹಳೆಯ ಸಾಲೇ ಉಳಿಯುತ್ತದೆ.

ಧನಶ್ರೀ


ದಂಡೋತಿ
17 ನವೆಂಬರ್ 2025

ಧನಶ್ರೀಬಾಯಿ,

ಐದು ವಾರ ಬರೆಯಲಿಲ್ಲ. ಮೊದಲ ವಾರ ನಿಮ್ಮನ್ನೇ ಬೈದೆ. ನೀವು ಕಳಿಸಿದ ಆ ಹಾಳೆ ಹರಿದು ಕಾಗಿಣಾ ಹೊಳೆಗೆ ಹಾಕಿದೆ. ಪ್ರತಿಯನ್ನು ಹರಿದರೆ ಮೂಲ ಹರಿಯುವುದಿಲ್ಲ ಅಂತ ಆಮೇಲೆ ತಿಳಿಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ನನ್ನದು ಅದಕ್ಕಿಂತ ಕಡೆ. ಕುಂಬಳಕಾಯಿ ಹೆಗಲ ಮೇಲೆ ಇಟ್ಟುಕೊಂಡೇ ನಿಮ್ಮನ್ನು ಕಳ್ಳರು ಅಂದೆ.

ನಾನು ಆಗ ಹಂಗಾಮಿ. ಮೊದಲು ವಾಡಿ ಸ್ಟೇಷನ್ನಿನಲ್ಲಿ ರೈಲು ಇಂಜಿನ್ನಿಗೆ ಕಲ್ಲಿದ್ದಲು ಹೊರುವ ಕೂಲಿ. ಮುಂಬೈಗೆ ಕರೆದುಕೊಂಡು ಹೋಗಿ, ಸಲಿಕೆ ಹಿಡಿಯಲು ಕಲಿಸಿದವನು ಹಾಜಿಮಲಂಗ್. ಭಾಗ್ಯ ಹುಟ್ಟಿ ಎರಡು ತಿಂಗಳಾಗಿತ್ತು. ಅಪಘಾತದ ಮರುದಿನ ಸಾಹೇಬರು ಕರೆದರು. ಕಾಗದ ಸಿದ್ಧವಾಗಿತ್ತು. "ಅಂವ ಹೆಂಗೂ ಉಳಿಯಂಗಿಲ್ಲ. ನೀ ಸಹಿ ಮಾಡಿದಿ ಅಂದ್ರ ಅವನ ಜಾಗಾ ನಿಂದು, ಕಾಯಂ" ಅಂದರು. ನಾನು ಓದಿದೆ. ಓದು ಬಾರದವನು ಆಗಿದ್ದರೆ ಗೊತ್ತಿರಲಿಲ್ಲ ಅನ್ನಬಹುದಿತ್ತು. ಓದಿಯೇ ಸಹಿ ಮಾಡಿದೆ.

ಸಹಿ ಮಾಡಿ ನೇರ ಆಸ್ಪತ್ರೆಗೆ ಹೋದೆ. ಅವನಿಗೆ ಎಚ್ಚರವಿತ್ತು. ಮುಖ ಗುರುತು ಸಿಗುವ ಹಾಗಿರಲಿಲ್ಲ. "ಮಂದಿ ದಂಡಿಗೆ ಮುಟ್ಟಿದ್ರೇನು?" ಅಂತ ಕೇಳಿದ. ಮುಟ್ಟಿದರು ಅಂದೆ. "ನೀ ಹೇಳು, ನಾಲ್ಕು ಸಲ ಹೇಳಿದ್ದೆ ಅಂತ. ಪರಸಿಮ್ಯಾಲ ಅದ" ಅಂದ. ಹೇಳುತ್ತೇನೆ ಅಂದೆ.

ಕಲ್ಲು ಬೋರಲು ಹಾಕಿದ್ದು ಅಳಿಸಬಾರದೆಂದು ಅಲ್ಲ. ನೋಡಲಾಗಲಿಲ್ಲ, ಅದಕ್ಕೆ. ಅದರ ಮೇಲೆಯೇ ನಿಂತು ಇನ್ನೂ ನಾಲ್ಕು ವರ್ಷ ಸಲಿಕೆ ಹೊಡೆದು ಸಂಬಳ ತೆಗೆದುಕೊಂಡೆ. ಕಿವಿ ಹೋಯಿತು. ಒಳ್ಳೆಯದೇ ಆಯಿತು ಅಂದುಕೊಂಡೆ. ಕೈ ಸೇದಿಹೋಗಲಿ ಅಂತ ಶಾಪ ಹಾಕಿದ್ದೆನಲ್ಲ, ಆ ಕೈಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಇದರ ಜೊತೆಗೆ ಚಿತ್ತಾಪುರದಲ್ಲಿ ವಕೀಲರ ಮುಂದೆ ಮಾಡಿದ ಹೇಳಿಕೆ ಇದೆ. ಸಮಿತಿಗೆ ಕೊಡಿರಿ. ಹಲಗೆಯ ಮೇಲೆ ಹಾಜಿಮಲಂಗ್ ಕುಡಿದಿರಲಿಲ್ಲ ಅಂತ ಬರೆದರೆ ಸಾಲದು. ಸುಳ್ಳು ಹೇಳಿದವನ ಹೆಸರೂ ಬರಬೇಕು, ಊರಿನ ಸಮೇತ.

ವಿಠೋಬಾ


ಮುಂಬೈ
25 ನವೆಂಬರ್ 2025

ವಿಠೋಬಾ ಕಾಕಾ,

ಸಮಿತಿಯಲ್ಲಿ ಎರಡು ದಿನ ಜಗಳವಾಡಿದೆ. ಸುಳ್ಳು ಸಾಕ್ಷಿಯ ಹೆಸರು ಬೇಡ, ಸಂದರ್ಶಕರಿಗೆ ಮುಜುಗರವಾಗುತ್ತದೆ ಎಂದರು. ಮುಜುಗರವಾಗಲಿ ಎಂದೆ. ಕೊನೆಗೆ ಒಪ್ಪಿದರು. ಕನ್ನಡದಲ್ಲೂ ಇರುತ್ತದೆ:

"ಫೈರ್‌ಮನ್ ಹಾಜಿಮಲಂಗ್, ಶಹಾಬಾದ. ಪಂಪು ಕೆಟ್ಟಿದೆ ಎಂದು ನಾಲ್ಕು ಸಲ ಎಚ್ಚರಿಸಿದರು. ಉಗಿ ನುಗ್ಗಿದಾಗ ಓಡದೆ, ಬೆಂಕಿ ಎಳೆದು ಹಾಕಿ ಮುನ್ನೂರು ಜನರನ್ನು ಉಳಿಸಿ ಪ್ರಾಣ ಬಿಟ್ಟರು. ಅವರು ಕುಡಿದಿರಲಿಲ್ಲ. ಕುಡಿದಿದ್ದರು ಎಂದು ಸುಳ್ಳು ಸಾಕ್ಷಿ ಹೇಳಿದವನು ವಿಠೋಬಾ, ದಂಡೋತಿ."

ಪರಸಿ ಮತ್ತೆ ಒಲೆಯ ಮುಂದೆ ಕೂತಿದೆ, ಗೆರೆಗಳು ಮೇಲಾಗಿ. ಆ ದಿನ ಬೆಂಕಿ ಸಣ್ಣದಾಗಿ ಇಡಿಸುತ್ತೇನೆ, ನಿಮಗೆ ನಿಲ್ಲಲು ತೊಂದರೆಯಾಗದ ಹಾಗೆ. ಸಿಟ್ಟಿನಲ್ಲಿ ಹೆಚ್ಚು ಬರೆದಿದ್ದೆ. ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ, ಆದರೆ ನಿಮ್ಮನ್ನು ಕಾಣುವ ಆಸೆ ಇದೆ.

ಹಸೀನಾಬೇಗಂ ಅವರಿಗೆ ಹೇಳಿದಿರಾ? ಹಲಗೆ ನೋಡುವ ಮೊದಲು ನಿಮ್ಮ ಬಾಯಿಂದ ಕೇಳಬೇಕಲ್ಲವೇ ಅವರು?

ಧನಶ್ರೀ


ದಂಡೋತಿ
4 ಡಿಸೆಂಬರ್ 2025

ಧನಶ್ರೀಬಾಯಿ,

ಹೇಳಿದೆ. ನಿನ್ನೆ ಮಧ್ಯಾಹ್ನ, ಅದೇ ಕಟ್ಟೆಯ ಮೇಲೆ. ನಿಮ್ಮ ಹಲಗೆಯ ಸಾಲುಗಳನ್ನು ಓದಿ, ನಾನೇ ಅಂದೆ. ಆಸ್ಪತ್ರೆಯ ಮಾತನ್ನೂ ಹೇಳಿದೆ.

ಭಾಬಿ ಈ ಸಲ ಕಿವಿಯಲ್ಲಿ ಕೂಗಲಿಲ್ಲ. ಎದುರಿಗೆ ನಿಂತು, ನನಗೆ ತುಟಿ ಕಾಣುವ ಹಾಗೆ ಒಂದೊಂದೇ ಮಾತು ಆಡಿದಳು.

"ಅವರು ಉಸಿರಾಡಾಕತ್ತಿದ್ರು. ಆವಾಗೇ ಸಹಿ ಮಾಡಿದಿ?"

"ಹೌದು ಭಾಬಿ."

"ನಲವತ್ತೆರಡು ವರ್ಷ ನೀ ನನ್ನ ಹೊಸ್ತಿಲ ದಾಟಲಿಲ್ಲ. ಜಾತಿಗೆ ಅಂಜತಾನ ಅಂತ ಓಣಿ ಮಂದಿ ಅಂತಿದ್ರು. ಇಲ್ಲ, ಮರ್ಯಾದಿ ಮನಷ್ಯಾ ಅಂತ ನಾ ಅವರ ಕೂಡ ಜಗಳಾಡೀನಿ. ನಿನ್ನ ಸಲುವಾಗಿ ಜಗಳಾಡೀನಿ ನಾ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಕೂತೇ ಇದ್ದೆ. ಹೊತ್ತು ಇಳಿಯಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಚಹಾ ಬರಲಿಲ್ಲ. ಎದ್ದು ಹೊರಡಬೇಕು ಅನ್ನುವಾಗ ಬಾಗಿಲು ತೆರೆಯಿತು. ಮುಖ ತೊಳೆದುಕೊಂಡು ಬಂದಿದ್ದಳು. ಕ್ಷಮೆಯ ಮಾತು ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಷರತ್ತು ಹೇಳಿದಳು.

ಮುಂಬೈಗೆ ಬರುತ್ತಾಳೆ. ನಾನು ವಾಡಿಯಲ್ಲಿ ಹತ್ತಬೇಕು, ಅವಳು ಮಗಳ ಜೊತೆ ಶಹಾಬಾದದಲ್ಲಿ ಹತ್ತುತ್ತಾಳೆ. ಗಾಡಿ ಒಂದೇ, ಡಬ್ಬಿ ಬೇರೆ. ದಾರಿಯಲ್ಲಿ ನಾನು ಅವಳನ್ನು ಮಾತಾಡಿಸಬಾರದು. ಅಲ್ಲಿ ಹಲಗೆಯನ್ನು ಬೇರೆ ಯಾರೂ ಓದಬಾರದು, ನಾನೇ ಓದಬೇಕು, ಮೇಲೆ ನಿಂತವರಿಗೂ ಕೇಳುವ ಹಾಗೆ. ಕೊನೆಯದು ಅವಳ ಮಾತಿನಲ್ಲೇ ಬರೆಯುತ್ತೇನೆ: "ಪರಸಿಮ್ಯಾಲ ನಾ ನಿಂದರತೀನಿ. ನೀ ಅದರಮ್ಯಾಲ ಕಾಲಿಡಬ್ಯಾಡ. ಕಬ್ಬಿಣದ ಮ್ಯಾಲ ನಿಂತು ಓದು, ಚಪ್ಪಲಿ ಬಿಟ್ಟು."

ಆಗಲಿ ಅಂದೆ.

ಅದಕ್ಕೇ ಈ ಪತ್ರ ಬೇಗ ಹಾಕುತ್ತಿದ್ದೇನೆ. ಬೆಂಕಿ ಸಣ್ಣದಾಗಿ ಇಡಿಸುತ್ತೇನೆ ಎಂದಿದ್ದೀರಿ. ಬೇಡ. ತಣ್ಣನೆಯ ಬಾಯ್ಲರನ್ನು ಅವಸರದಲ್ಲಿ ಕಾಯಿಸಬಾರದು, ಸೀಳುತ್ತದೆ. ಹದಿಮೂರನೇ ತಾರೀಖು ಬೆಳಿಗ್ಗೆಯೇ ಕಟ್ಟಿಗೆ ಹಾಕಿ ಸಣ್ಣಗೆ ಹಚ್ಚಿಸಿರಿ, ಸಂಜೆಯಿಂದ ಕಲ್ಲಿದ್ದಲು ಏರಿಸುತ್ತಾ ಹೋಗಲಿ. ಒಲೆಯ ಬಾಯಿ ತೆರೆದೇ ಇರಲಿ. ಹದಿನಾಲ್ಕಕ್ಕೆ ಹತ್ತು ಗಂಟೆಯ ಹೊತ್ತಿಗೆ ಮುಂದಿನ ಹಾಸು ಸರಿಯಾಗಿ ಕಾದಿರುತ್ತದೆ. ನನಗೆ ಗೊತ್ತು. ಐದು ಸಾಲು ಓದಲು ಎಷ್ಟು ಹೊತ್ತು ಬೇಕು ಅನ್ನುವುದನ್ನೂ ಮನೆಯಲ್ಲಿ ಓದಿ ನೋಡಿಕೊಂಡಿದ್ದೇನೆ. ಸಾವಕಾಶ ಓದುತ್ತೇನೆ.

ಹಾಸಿನ ಮೇಲೆ ಯಾರೂ ನೀರು ಚಿಮುಕಿಸಬಾರದು.

ವಿಠೋಬಾ